ಅಡಿಯ ಹಾಳೆ

ಅಂಗಿಯ ಎರಡನೆಯ ಗುಂಡಿ ಎಲ್ಲೋ ಬಿದ್ದುಹೋಗಿದೆ ಎಂಬುದು ಅವನಿಗೆ ತಿಳಿದದ್ದು ಬೆಂಚಿನ ಮೇಲೆ ಕೂತ ಮೇಲೆ. ಬೆಳಿಗ್ಗೆ ಹೊರಡುವಾಗಲೇ ಹೆಂಡತಿ ಹೇಳಿದ್ದಳು, "ರೀ, ಆ ಗುಂಡಿ ಜೋತಾಡ್ತಾ ಇದೆ, ಬಿಚ್ಚಿಕೊಡಿ, ಎರಡು ನಿಮಿಷ." ಹೊತ್ತಾಗುತ್ತೆ ಎಂದಿದ್ದ. "ಹೊತ್ತಾಗೋದಕ್ಕೆ ನೀವೇನು ಮದುವೆಗೆ ಹೊರಟಿದ್ದೀರಾ? ಮೂವತ್ತನಾಲ್ಕು ವರ್ಷ ಸರಕಾರದ ಕಾಗದಾನೆಲ್ಲ ಹೊಲಿದಿರಿ, ಮೈಮೇಲಿನ ಗುಂಡಿ ಒಂದು ನೆಟ್ಟಗಿಲ್ಲ" ಎಂದು ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿದ್ದಳು. ಈಗ ಎಡಗೈಯಲ್ಲಿ ಅಂಗಿಯನ್ನು ಎದೆಯ ಹತ್ತಿರ ಒಟ್ಟಿಗೆ ಹಿಡಿದುಕೊಂಡು ಕೂತರೆ, ಎದೆನೋವು ಬಂದವನ ಹಾಗೆ ಕಾಣುತ್ತದೆ. ಬಿಟ್ಟರೆ ಒಳಗಿನ ಬನಿಯನ್ನಿನ ತೂತು ಕಾಣುತ್ತದೆ. ಎದುರಿನ ಕುರ್ಚಿಯಲ್ಲಿದ್ದ ಕಾವಲಿನವನು ಎರಡು ಸಲ ಅವನ ಎದೆಯನ್ನೇ ನೋಡಿ, "ನೀರು ಬೇಕಾ ಯಜಮಾನ್ರೇ?" ಎಂದು ಕೇಳಿದ. ಬೇಡ ಎಂದು ಕೈ ಬಿಟ್ಟ, ತೂತು ಕಂಡಿತು, ಮತ್ತೆ ಹಿಡಿದುಕೊಂಡ. ಹತ್ತು ಗಂಟೆಗೆ ಬರಹೇಳಿದ್ದರು. ಹನ್ನೊಂದೂವರೆ ಆಗಿತ್ತು. ಹೀಗೆ ಕೂರಿಸುವುದೂ ತನಿಖೆಯ ಒಂದು ಭಾಗವೇ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಕಚೇರಿಯಲ್ಲಿ ಇಂಥದೇ ಬೆಂಚಿನ ಮೇಲೆ ಕೂತು ಬೆವರುತ್ತಿದ್ದವರ ಪಕ್ಕದಿಂದ ಕಡತಗಳ ಹೊರೆ ಹೊತ್ತು ಎಷ್ಟು ಸಾವಿರ ಸಲ ನಡೆದಿದ್ದಾನೋ. ಅವರ ಮುಖ ನೋಡಿದ್ದು ಎಷ್ಟು ಸಲ ಎಂದು ಲೆಕ್ಕ ಹಾಕಹೊರಟರೆ ಒಂದು ಮುಖವೂ ನೆನಪಾಗಲಿಲ್ಲ.

ಅವನು ಕಡತ ಹೊಲಿಯುವವನು. ತನಿಖೆಯ ಕಚೇರಿಯಲ್ಲಿ ಕಾಗದಗಳಿಗೆ ಎಡಗಡೆ ಅಂಚಿನಲ್ಲಿ ದಬ್ಬಳದಿಂದ ಮೂರು ತೂತು ಮಾಡಿ, ಬಿಳಿ ದಾರ ಪೋಣಿಸಿ, ಹಿಂದೆ ಗಂಟು ಹಾಕುವುದು ಅವನ ಕೆಲಸ. ಮೊದಲು ಬಂದದ್ದು ಅಡಿಯಲ್ಲಿ, ಆಮೇಲೆ ಬಂದದ್ದು ಅದರ ಮೇಲೆ. ಯಾವ ಕಡತವನ್ನಾದರೂ ಅಡಿಯಿಂದ ಓದುತ್ತ ಬಂದರೆ ನಡೆದದ್ದೆಲ್ಲ ನಡೆದ ಹಾಗೆಯೇ ತಿಳಿಯಬೇಕು. ಅವನು ಓದುತ್ತಿರಲಿಲ್ಲ. ಓದದೆ ಹೊಲಿಯುವುದೇ ಕೆಲಸದ ಮರ್ಯಾದೆ ಎಂದು ಅವನಿಗೆ ಕಲಿಸಿದವನು, ಅವನಿಗಿಂತ ಮುಂಚಿನಿಂದ ಅದೇ ಕೆಲಸದಲ್ಲಿದ್ದ ಕುಳ್ಳಣ್ಣ. "ಕಣ್ಣು ಅಂಚಿನ ಮೇಲಿರಲಿ, ಅಕ್ಷರದ ಮೇಲೆ ಬೇಡ. ಅಕ್ಷರ ನೋಡಿದ ದಿನ ಬೆರಳಿಗೆ ಚುಚ್ಚುತ್ತೆ" ಎನ್ನುತ್ತಿದ್ದ. ಕುಳ್ಳಣ್ಣ ತೀರಿಕೊಂಡು ಏಳು ವರ್ಷವಾಯಿತು. ಅವನ ದಬ್ಬಳ ಈಗಲೂ ಇವನ ಚೀಲದಲ್ಲೇ ಇದೆ. ಮರದ ಹಿಡಿ ಇಬ್ಬರ ಅಂಗೈಗೂ ಸವೆದು ನುಣ್ಣಗಾಗಿದೆ.

ಒಂಬತ್ತು ವರ್ಷದ ಹಿಂದೆ ಒಂದು ಸೇತುವೆ ಕುಸಿದಿತ್ತು. ಹದಿನೇಳು ಜನ ಸತ್ತಿದ್ದರು. ಆಗ ನಡೆದ ತನಿಖೆ ತಿರುಗಿ ತಿರುಗಿ, ಅದೇ ತಾನೇ ಅಧಿಕಾರ ಕಳೆದುಕೊಂಡಿದ್ದ ಒಬ್ಬ ಮುಖಂಡನ ಮನೆಯ ಬಾಗಿಲಿಗೆ ಹೋಗಿ ನಿಂತಿತ್ತು. ಈಗ ಆ ಮುಖಂಡ ಮತ್ತೆ ಅಧಿಕಾರಕ್ಕೆ ಬಂದಿದ್ದಾನೆ. ಆ ತನಿಖೆಯ ಮೇಲೆಯೇ ಒಂದು ತನಿಖೆ ಶುರುವಾಗಿದೆ. ಸೇತುವೆ ಯಾಕೆ ಬಿತ್ತು ಎಂದು ಯಾರೂ ಕೇಳುತ್ತಿಲ್ಲ. ಯಾಕೆ ಬಿತ್ತು ಎಂದು ಕೇಳಿ ಅಂತ ಮೊದಲು ಹೇಳಿದವರು ಯಾರು ಎಂದು ಕೇಳುತ್ತಿದ್ದಾರೆ. ಯಾರದೋ ದ್ವೇಷದಿಂದ ಹುಟ್ಟಿದ್ದು ಎಂದು ತೋರಿದರೆ, ಆಗ ತನಿಖೆ ನಡೆಸಿದ ದೊಡ್ಡವರ ಮೇಲೆ ಕ್ರಿಮಿನಲ್ ಮೊಕದ್ದಮೆ. ದೊಡ್ಡವರು ಎಂದು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಿಂದಿನ ಮೇಲಧಿಕಾರಿಯನ್ನು. ಆರಡಿ ಎತ್ತರಕ್ಕೂ ಸರಿ, ಉಳಿದದ್ದಕ್ಕೂ ಸರಿ. ಇವನ ಮಗಳ ಕಾಲು ಮುರಿದಾಗ ಮೂರು ವಾರ ರಜೆ ಕೊಟ್ಟು, ನಾಲ್ಕನೆಯ ವಾರ ತಾವೇ ಆಸ್ಪತ್ರೆಗೆ ಬಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದವರು. ಅವರನ್ನು ಜೈಲಿಗೆ ಕಳಿಸಬಲ್ಲ ಮಾತು ಈಗ ಇವನೊಬ್ಬನ ಬಾಯಲ್ಲಿತ್ತು. ಆಡಿದರೆ ಅವರು ಹೋಗುತ್ತಾರೆ; ಆಡದಿದ್ದರೆ ಇವನು ಹೋಗುತ್ತಾನೆ. ನಿವೃತ್ತಿಗೆ ಎರಡು ತಿಂಗಳಿತ್ತು.

"ಮಾವ, ಇದರಲ್ಲಿ ಯೋಚನೆ ಮಾಡೋದು ಏನಿದೆ" ಎಂದು ನಿನ್ನೆ ಅಳಿಯ ಬಂದು ಹೇಳಿ ಹೋಗಿದ್ದ. ಅಳಿಯ ಮುಖಂಡನ ಪಕ್ಷದ ಕಚೇರಿಯಲ್ಲಿ ಕುರ್ಚಿ ಜೋಡಿಸುವುದರಿಂದ ಶುರುಮಾಡಿ, ಈಗ ಯಾರು ಯಾವ ಕುರ್ಚಿಯಲ್ಲಿ ಕೂರಬೇಕು ಎಂದು ಹೇಳುವವನಾಗಿದ್ದ. "ನೋಡಿ, ಹೊಲಿದದ್ದು ಕುಳ್ಳಣ್ಣ ಅನ್ನಿ. ಸತ್ತವರನ್ನ ಯಾರು ಕರೆಸ್ತಾರೆ? ಸತ್ತವರ ಪಿಂಚಣಿ ಯಾರೂ ನಿಲ್ಲಿಸೋದಿಲ್ಲ." ಕುಳ್ಳಣ್ಣನ ಹೆಂಡತಿಗೆ ಅರ್ಧ ಪಿಂಚಣಿ ಬರುತ್ತಿರುವುದನ್ನು ಇವನು ನೆನಪಿಸಲು ಹೋದಾಗ ಅಳಿಯ ನಕ್ಕು, "ಅಯ್ಯೋ ಮಾವ, ನೀವು ದಾರದ ಉಂಡೆ ಥರ. ಒಂದು ತುದಿ ಎಳೆದರೆ ಊರೆಲ್ಲ ಬಿಚ್ಚಿಕೊಳ್ಳುತ್ತೆ" ಎಂದ. ಒಳಗಿನಿಂದ ಹೆಂಡತಿ, "ಉಂಡೆ ಇದ್ದದ್ದಕ್ಕೇ ನಿಮ್ಮಂಥವರು ಗಾಳಿಪಟ ಹಾರಿಸ್ತಾ ಇದ್ದೀರಿ" ಎಂದಳು. ಯಾರೂ ನಗಲಿಲ್ಲ. ಮಗಳು ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನು ಕೇಳಲಿಲ್ಲ, ಅಳಿಯ ಹೇಳಲಿಲ್ಲ.

ಮೊದಲು ಯಾವುದು, ಆಮೇಲೆ ಯಾವುದು. ಅಜ್ಜಿ ಕತೆ ಹೇಳಲು ಕೂತರೆ ಅವನು ಕತೆಯನ್ನು ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲವಂತೆ. ಒಬ್ಬ ರಾಜ ಇದ್ದ. ಅದಕ್ಕೆ ಮುಂಚೆ? ಅವನಪ್ಪ ರಾಜ ಇದ್ದ. ಅದಕ್ಕೆ ಮುಂಚೆ? ಕಾಡಿತ್ತು. ಅದಕ್ಕೆ ಮುಂಚೆ? "ಅದಕ್ಕೆ ಮುಂಚೆ ದೇವರೊಬ್ಬನೇ ಇದ್ದ. ಹೋಗಿ ಅವನನ್ನೇ ಕೇಳು, ನನ್ನ ತಲೆ ತಿನ್ನಬೇಡ" ಎಂದು ಅಜ್ಜಿ ದೀಪದ ಬತ್ತಿ ತಗ್ಗಿಸುತ್ತಿದ್ದಳು. ಆಮೇಲೆ ಕತ್ತಲಲ್ಲಿ ಅವಳ ಕೈ ಬಂದು ಅವನ ಹಣೆಯ ಮೇಲೆ ಕೂರುತ್ತಿತ್ತು. "ಎಲ್ಲಿಂದ ಶುರು ಮಾಡಬೇಕು ಅನ್ನೋದು ಹೇಳೋಳ ಕೈಲಿದೆ ಕಂದಾ. ಅದಕ್ಕೇ ಹೇಳೋಳು ಮೊದಲು ಕೈ ಮುಗೀತಾಳೆ." ಅವಳು ಕೈ ಮುಗಿಯುತ್ತಿದ್ದದ್ದು ಅವನು ನೋಡಿದ್ದ, ಯಾಕೆಂದು ಈಗ ಈ ಬೆಂಚಿನ ಮೇಲೆ ಸ್ವಲ್ಪ ತಿಳಿದ ಹಾಗಾಯಿತು. ಅವನೂ ಬೆಳಿಗ್ಗೆ ದೇವರ ಮುಂದೆ ನಿಂತಿದ್ದ. ಏನು ಕೇಳಬೇಕೆಂದು ಹೊಳೆಯದೆ, ಮಂಡಿ ನೋವು ಕಡಿಮೆ ಮಾಡಪ್ಪಾ ಎಂದು ಕೇಳಿ ಬಂದಿದ್ದ.

ಭಾನುವಾರ ದೊಡ್ಡವರ ಮನೆಗೆ ಹೋಗಿದ್ದ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ ಎಂದು ಕೇಳಿದ್ದ, ನೋಡಿರಲಿಲ್ಲ. ಆರಡಿಯ ಮನುಷ್ಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಡಿಸಿಟ್ಟ ಬಟ್ಟೆಯ ಹಾಗೆ ಇದ್ದರು. ಸೊಸೆ ತಂದುಕೊಟ್ಟ ಚಹಾ ಎಡಗೈಯಲ್ಲಿ ತುಳುಕಿ ತೊಡೆಯ ಮೇಲೆ ಚೆಲ್ಲಿತು. ಇವನು ತನ್ನ ಕರವಸ್ತ್ರ ತೆಗೆದು ಒರೆಸಿದ. ಅವರು ಬೇಡ ಎನ್ನಲಿಲ್ಲ. ಹಿಂದೆ ಆಗಿದ್ದರೆ ಬೇಡ ಎನ್ನುತ್ತಿದ್ದರು. "ನೀನು ಯಾಕೆ ಬಂದೆ ಅಂತ ಗೊತ್ತು ಕಣೋ" ಎಂದರು. ಬಾಯಿಯ ಒಂದು ಬದಿ ಮಾತ್ರ ಆಡುತ್ತಿತ್ತು. "ಕೇಳಬೇಡ. ನಾನೂ ಹೇಳೋದಿಲ್ಲ." ಆಮೇಲೆ ತುಂಬ ಹೊತ್ತು ಇಬ್ಬರೂ ಎದುರು ಮನೆಯ ಹೆಂಗಸು ಚಾದರ ಒಣಹಾಕುವುದನ್ನು ನೋಡಿದರು. ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ, "ಹೋಗೋವಾಗ ಗೇಟು ಹಾಕ್ಕೊಂಡು ಹೋಗು" ಎಂದರು. ಬಸ್ಸಿನಲ್ಲಿ ಬರುತ್ತ ಅವನು ಆ ಮಾತನ್ನು ಎಲ್ಲ ಕಡೆಯಿಂದ ತಿರುವಿ ನೋಡಿದ. ಬಾಯಿ ಮುಚ್ಚಿಕೊಂಡಿರು ಎಂದರೇ? ನಿನಗೂ ನನಗೂ ಇನ್ನು ಮುಗಿಯಿತು ಎಂದರೇ? ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು, ಬಹುಶಃ ಬೀದಿನಾಯಿ ಒಳಗೆ ಬರುತ್ತದೆ, ಅಷ್ಟೇ.

ಆ ದಿನದ್ದು ಅವನಿಗೆ ಬೆರಳಲ್ಲಿ ನೆನಪಿತ್ತು. ಸೇತುವೆಯ ಕಡತ ತೆರೆದು ಎಂಟೊಂಬತ್ತು ದಿನವಾಗಿತ್ತಷ್ಟೆ. ಅದರ ಅಡಿಯಲ್ಲಿದ್ದದ್ದು ತನಿಖೆ ನಡೆಸಿ ಎಂಬ ಆದೇಶ. ಆ ಆದೇಶ ಎಲ್ಲಿಂದ ಬಂತೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಆದರೆ ಆದೇಶ ಹೊರಟ ದಿನ ದೊಡ್ಡವರ ಕೋಣೆಯ ಮೂಲೆಯಲ್ಲಿ ಬೇರೆ ಯಾವುದೋ ಕಡತ ಹೊಲಿಯುತ್ತ ಕೂತಿದ್ದಾಗ ಫೋನು ಬಂದದ್ದು, ಅವರು ಎದ್ದು ನಿಂತು ಮಾತಾಡಿದ್ದು, "ಆಗಲಿ, ಆಗಲಿ, ಇವತ್ತೇ" ಎಂದದ್ದು, ಇಟ್ಟ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದದ್ದು ಅವನು ಕಂಡಿದ್ದ. ಅಷ್ಟು ಎತ್ತರದ ಮನುಷ್ಯ ಫೋನಿಗೆ ಎದ್ದು ನಿಲ್ಲುವುದನ್ನು ನೋಡಿ ಅವನಿಗೇ ನಾಚಿಕೆಯಾಗಿ, ಕಣ್ಣು ಅಂಚಿನ ಮೇಲಿಟ್ಟಿದ್ದ. ಅದಾಗಿ ವಾರ ಕಳೆದ ಮೇಲೆ ಬಂದವಳು ಒಬ್ಬ ತಾಯಿ. ಲಾರಿ ಓಡಿಸುತ್ತಿದ್ದ ಮಗ ಸೇತುವೆಯ ಜೊತೆ ಹೋಗಿದ್ದ. ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ರೂಲು ಎಳೆದ ಹಾಳೆಯಲ್ಲಿ ಅವಳೇ ಬರೆದದ್ದು, ತಾರೀಖು ಹಾಕಿರಲಿಲ್ಲ. ಕಂಬಕ್ಕೆ ಹಾಕಿದ ಕಬ್ಬಿಣ ಹೆಬ್ಬೆರಳಿನಷ್ಟು ದಪ್ಪ ಇರಬೇಕಾದ್ದು ಕಿರುಬೆರಳಿನಷ್ಟಿತ್ತು ಎಂದು ಮಗ ಕಟ್ಟುವಾಗಲೇ ಬಂದು ಹೇಳಿದ್ದನ್ನು, ಆ ಕಬ್ಬಿಣ ಹೊತ್ತ ಲಾರಿ ಅವನೇ ಓಡಿಸಿದ್ದನ್ನು, ಯಾರ ಅಂಗಳದಿಂದ ಹೊತ್ತಿದ್ದು ಎಂಬುದನ್ನು ಬರೆದಿದ್ದಳು; ಅದನ್ನೇ ಬಾಯಲ್ಲೂ ಹೇಳಿದ್ದು ಬಾಗಿಲ ಬಳಿಯಿದ್ದ ಇವನ ಕಿವಿಗೂ ಬಿದ್ದಿತ್ತು. ಅವಳು ಹೋದ ಮೇಲೆ ದೊಡ್ಡವರು ಆ ಹಾಳೆಯನ್ನು ಎರಡು ಸಲ ಓದಿ ಇವನನ್ನು ಕರೆದರು. "ನೋಡೋ, ಇದು ಶುರುವಾಗಬೇಕಾದ್ದು ಇವಳ ಕಾಗದದಿಂದ" ಎಂದರು. "ಆ ಫೋನಿನಿಂದ ಅಲ್ಲ." ಮುದ್ರೆಯ ತಾರೀಖಿನ ಚಕ್ರವನ್ನು ತಾವೇ ಉಗುರಿನಿಂದ ಹಿಂದಕ್ಕೆ ತಿರುಗಿಸಿ ಹಾಳೆಯ ಮೇಲೆ ಒತ್ತಿದರು. "ಇದನ್ನ ಅಡಿಗೆ ಹಾಕು." ಅವನು ಹಾಕಿದ. ಯಾಕೆ ಹಾಕಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಒಂದೇ ಉತ್ತರವಿತ್ತು: ಅವರು ಹೇಳಿದ್ದು ನಿಜವೆನಿಸಿತ್ತು. ಅವಳ ಕಾಗದದಿಂದಲೇ ಶುರುವಾಗಬೇಕಿತ್ತು. ದೇವರ ಲೆಕ್ಕದಲ್ಲಿ ಅದು ಹಾಗೆಯೇ ಶುರುವಾಗಿರಬಹುದು ಎಂದೂ ಅನಿಸಿತ್ತು.

ಕೆಲಸ ಚೆನ್ನಾಗಿ ಮಾಡಿದ್ದ. ದಾರ ಬಿಚ್ಚಿ, ಕಟ್ಟನ್ನು ಬೋರಲು ಹಾಕಿ, ಆದೇಶದ ಹಾಳೆಯ ಹಳೆಯ ತೂತುಗಳನ್ನೇ ಅಳತೆಯಾಗಿಟ್ಟುಕೊಂಡು ಆ ರೂಲಿನ ಹಾಳೆಗೆ ಚುಚ್ಚಿದ್ದ. ಉಳಿದ ಹಾಳೆಗಳಲ್ಲಿ ಒಂದೇ ಒಂದು ಹೊಸ ತೂತು ಬೀಳಲಿಲ್ಲ. ಸೀಸದ ಕಡ್ಡಿಯ ಪುಟಸಂಖ್ಯೆಗಳನ್ನು ಅಳಿಸಿ, ಒಂದೊಂದು ಮುಂದಕ್ಕೆ ಹಾಕಿದ್ದ. ಕುಳ್ಳಣ್ಣ ಕೂಡ ಕಂಡುಹಿಡಿಯಲಾರ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದ. ಅದನ್ನು ನೆನೆದರೆ ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಆ ಹೆಮ್ಮೆಗೆ.

"ಒಳಗೆ ಕರೀತಾರೆ" ಎಂದ ಕಾವಲಿನವನು.

ಕೋಣೆಯಲ್ಲಿ ಕನ್ನಡಕದ ಅಧಿಕಾರಿಯೊಬ್ಬನಿದ್ದ. ಕಿಟಕಿಯ ಹತ್ತಿರ ಬೆರಳಚ್ಚಿನ ಹೆಂಗಸು. ಅಧಿಕಾರಿಗೆ ನಲವತ್ತೂ ಇರಲಿಕ್ಕಿಲ್ಲ. ಕಣ್ಣಿನ ಕೆಳಗೆ ಮಾತ್ರ ಅರವತ್ತು ವರ್ಷದವನ ಚೀಲಗಳು. "ಕೂತ್ಕೊಳ್ಳಿ. ಚಹಾ ಕುಡೀತೀರಾ?" ಎಂದ. ಮಾತು ಮಾತಿಗೂ ನೀವು. ದೊಡ್ಡವರು ಒಂದು ದಿನವೂ ಅವನಿಗೆ ನೀವು ಎಂದಿರಲಿಲ್ಲ. ಆ ನೀನು ಎಂಬುದರಲ್ಲಿ ಕೂರಲು ಜಾಗವಿರುತ್ತಿತ್ತು. ಇಲ್ಲಿ ಕುರ್ಚಿಯಿದ್ದೂ ನಿಂತ ಹಾಗಿತ್ತು. ಅವನು ಅಂಗಿ ಹಿಡಿದುಕೊಂಡೇ ಕೂತ. ಮೇಜಿನ ಮೇಲೆ ಸೇತುವೆಯ ಕಡತ ಬಿಚ್ಚಿಕೊಂಡು ಬಿದ್ದಿತ್ತು. ಅವನ ದಾರವನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದರು. ಗಂಟು ಬಿಚ್ಚಲು ತಾಳ್ಮೆಯಿಲ್ಲದವರು.

"ನಿಮಗೊಂದು ತೋರಿಸ್ತೀನಿ" ಎಂದು ಅಧಿಕಾರಿ ಹಾಳೆಗಳನ್ನು ಅವನ ಕಡೆ ಸರಿಸಿದ. "ಹೆಬ್ಬೆರಳಿಂದ ತೂತಿನ ಮೇಲೆ ಸವರಿ ನೋಡಿ. ಒಂದೊಂದೇ ಹಾಳೆ."

ಸವರಿದ. ದಬ್ಬಳ ಹೊಕ್ಕ ಕಡೆ ಕಾಗದ ನುಣುಪು. ಹೊರಬಿದ್ದ ಕಡೆ ಅಂಚು ಸಣ್ಣಗೆ ಎದ್ದು ಬೆರಳಿಗೆ ತಡೆಯುತ್ತದೆ. ಅವನು ಯಾವಾಗಲೂ ಬರಹದ ಮುಖದಿಂದ ಚುಚ್ಚುವವನು. ಹಾಳೆ, ಹಾಳೆ, ಹಾಳೆ. ಮುಖದ ಕಡೆ ನುಣುಪು, ಬೆನ್ನಿನ ಕಡೆ ತಡೆ. ಕೊನೆಗೆ ರೂಲಿನ ಹಾಳೆ ಬಂತು. ಅವನ ಹೆಬ್ಬೆರಳು ಮುಖದ ಮೇಲೆಯೇ ತಡೆಯಿತು. ಕಟ್ಟನ್ನು ಬೋರಲು ಹಾಕಿದ್ದನಲ್ಲ. ಬೆನ್ನಿನಿಂದ ಚುಚ್ಚಿದ್ದನಲ್ಲ. ಇಡೀ ಕಡತದಲ್ಲಿ ಒಂದೇ ಹಾಳೆ ತಿರುಗಿ ನಿಂತಿತ್ತು. ಒಂಬತ್ತು ವರ್ಷದಿಂದ, ಮೂರು ಸಣ್ಣ ಬಾಯಿ ತೆರೆದುಕೊಂಡು. ಕೈ ತಪ್ಪಿತೇ? ಬಾಯಿ ಸುಮ್ಮನಿದ್ದಾಗ ಕೈ ತನಗೆ ತಿಳಿದದ್ದನ್ನು ಬರೆದಿಟ್ಟಿತೇ? ಅವನಿಗೆ ಬೆವರು ಬರಲಿಲ್ಲ. ಬದಲಿಗೆ ತುಂಬ ದೂರ ಹೊರೆ ಹೊತ್ತವನಿಗೆ ಯಾರೋ ಹಿಂದಿನಿಂದ ಕೈಯಾಸರೆ ಕೊಟ್ಟಂತಾಯಿತು.

"ಇದನ್ನ ಹೊಲಿದವರು ಯಾರು?" ಎಂದ ಅಧಿಕಾರಿ. "ಕುಳ್ಳಣ್ಣ ಅನ್ನೋರು ಆಗ ಇದ್ದರಂತೆ. ಅವರು ಹೊಲಿದಿರಬಹುದು ಅಂತ ನಿಮ್ಮ ಕಡೆಯವರೇ ಒಬ್ಬರು ನನಗೆ ಹೇಳಿದರು."

ಅಳಿಯ ಇಲ್ಲಿಗೂ ಬಂದು ಕುರ್ಚಿ ಜೋಡಿಸಿ ಹೋಗಿದ್ದಾನೆ ಎಂದು ತಿಳಿದು ಅವನಿಗೆ ನಗು ಬರುವಂತಾಯಿತು. "ಇಲ್ಲ ಸ್ವಾಮಿ" ಎಂದ. "ಕುಳ್ಳಣ್ಣ ಎಡಗೈಯವನು. ಅವನ ಗಂಟು ಬೇರೆ. ಇದು ನನ್ನ ಕೈ."

ಆಮೇಲೆ ಹೇಳುವುದು ಕಷ್ಟವಾಗಲಿಲ್ಲ. ಫೋನು ಬಂದದ್ದು, ಆದೇಶ, ಆಮೇಲೆ ತಾಯಿ ಬಂದದ್ದು, ಮುದ್ರೆಯ ಚಕ್ರ, ದಾರ ಬಿಚ್ಚಿದ್ದು. ಆಯಾಸವಿತ್ತು ಅಷ್ಟೆ. ಒಂದೊಂದು ಮಾತಿಗೂ ದೊಡ್ಡವರ ತೊಡೆಯ ಮೇಲೆ ಚೆಲ್ಲಿದ ಚಹಾ ಕಣ್ಣ ಮುಂದೆ ಬರುತ್ತಿತ್ತು. ಕ್ಷಮಿಸಿ ಎನ್ನಲು ಅವರು ಇಲ್ಲಿರಲಿಲ್ಲ, ಇದ್ದಿದ್ದರೆ ಏನೆನ್ನುತ್ತಿದ್ದರೋ. ಗೇಟು ಹಾಕ್ಕೊಂಡು ಹೋಗು ಎನ್ನುತ್ತಿದ್ದರು. ಬೆರಳಚ್ಚಿನ ಹೆಂಗಸು ಟಕಟಕ ಬಡಿಯುತ್ತಿದ್ದಳು. ಅವನು ಕೊನೆಗೆ, "ಒಂದು ಮಾತು. ಆ ತಾಯಿ ಬರೆದದ್ದೆಲ್ಲ ನಿಜ. ಅವಳ ಕಾಗದ ಸುಳ್ಳಲ್ಲ. ನಾನು ಹೊಲಿದ ಜಾಗ ಸುಳ್ಳು" ಎಂದಾಗ ಟಕಟಕ ನಿಂತಿತು. ಹೆಂಗಸು ಅಧಿಕಾರಿಯ ಮುಖ ನೋಡಿದಳು.

"ಅದು ಬೇಡ" ಎಂದ ಅಧಿಕಾರಿ.

"ಅದೂ ನಾನು ಹೇಳಿದ್ದೇ ಅಲ್ವಾ ಸ್ವಾಮಿ?"

"ಹೇಳಿದ್ದು ಹೌದು. ಆದರೆ ಕಾಗದ ನಿಜವೋ ಸುಳ್ಳೋ ಅನ್ನೋದು ನಮ್ಮ ಪ್ರಶ್ನೆ ಅಲ್ಲ. ನಿಮಗೆ ಹೇಗೆ ಗೊತ್ತು ನಿಜ ಅಂತ? ನೀವು ಕಬ್ಬಿಣ ಅಳತೆ ಮಾಡಿದ್ರಾ?"

"ಇಲ್ಲ. ಅವಳನ್ನ ನೋಡಿದೆ."

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಕನ್ನಡಕವಿಲ್ಲದ ಮುಖ ಪಾಪದವನ ಮುಖದಂತಿತ್ತು. "ನೋಡೋಣ. ಆಮೇಲೆ ನೋಡೋಣ" ಎಂದ. ಹಾಳೆಗಳು ಹೊರಬಂದವು, ನಾಲ್ಕು. ಅವುಗಳಲ್ಲಿ ಆ ಮಾತು ಇರಲಿಲ್ಲ. ಅವನು ಓದಿದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅಂಚು ಬಿಟ್ಟು ಅಕ್ಷರ ನೋಡಿದ. ಅವನ ಮಾತುಗಳೇ, ಒಂದೂ ಸುಳ್ಳಿಲ್ಲ. ಆದರೆ ಒಟ್ಟಿಗೆ ಓದಿದರೆ, ಯಾರೋ ಮಗ ಸತ್ತ ಹೆಂಗಸನ್ನು ಹುಡುಕಿ ತಂದು ಸುಳ್ಳು ಬರೆಸಿದರು ಎಂದು ಓದಿಕೊಳ್ಳುತ್ತಿತ್ತು. ನಾಳೆ ಆ ಮನೆಯ ಬಾಗಿಲನ್ನೂ ಯಾರೋ ತಟ್ಟುತ್ತಾರೆ. ಅವಳು ಈಗ ಎಪ್ಪತ್ತು ದಾಟಿರಬೇಕು. ಇಂಥ ಬೆಂಚಿನ ಮೇಲೆ ಕೂರುತ್ತಾಳೆ.

"ಸಹಿ ಆಮೇಲೆ ಹಾಕಿ. ಮೊದಲು ಒಂದು ಸಣ್ಣ ಕೆಲಸ" ಎಂದು ಅಧಿಕಾರಿ ಬೀರುವಿನಿಂದ ಇನ್ನೊಂದು ಕಡತ ತೆಗೆದ. ಹೊಸದು, ಈ ತನಿಖೆಯದು. "ನಮ್ಮಲ್ಲಿ ಹೊಲಿಯೋನು ರಜದ ಮೇಲಿದ್ದಾನೆ. ನಿಮ್ಮ ಕೈ ಹೆಸರಾದ ಕೈ. ನಿಮ್ಮ ಹೇಳಿಕೆ ಮೇಲೆ ಹಾಕಿ. ಮತ್ತೆ ಇದು." ಒಂದು ಅರ್ಜಿ ಕೊಟ್ಟ. ಸೇತುವೆಯ ತನಿಖೆ ಹೇಗೆ ಶುರುವಾಯಿತೆಂದು ವಿಚಾರಿಸಬೇಕೆಂದು ಒಬ್ಬ ನಾಗರಿಕ ಕೇಳಿಕೊಂಡದ್ದು. "ಇದನ್ನ ಅಡಿಗೆ ಹಾಕಿಬಿಡಿ. ಆದೇಶದ ಕೆಳಗೆ."

ಹಾಳೆ ಗರಿಗರಿಯಾಗಿತ್ತು. ಮೂಗಿನ ಹತ್ತಿರ ತರಬೇಕಾಗಲೇ ಇಲ್ಲ, ಮುದ್ರೆಯ ಶಾಯಿಯ ವಾಸನೆ ಬಂತು. ಮುದ್ರೆಯಲ್ಲಿದ್ದದ್ದು ಐದು ತಿಂಗಳ ಹಿಂದಿನ ತಾರೀಖು. ಅವನು ಕಡತದ ಅಡಿಯ ಹಾಳೆ ನೋಡಿದ: ಆದೇಶ. ಅದಕ್ಕೆ ಮುಂಚೆ ಏನೂ ಇಲ್ಲ. ಅದಕ್ಕೆ ಮುಂಚೆ ಒಂದು ಫೋನು ಇದ್ದಿರಬೇಕು. ಈ ಕನ್ನಡಕದವನೂ ಎದ್ದು ನಿಂತಿರಬೇಕು. ಅದಕ್ಕೆ ಮುಂಚೆ? ಅಜ್ಜಿ, ನಿನ್ನ ತಲೆ ತಿನ್ನೋದಿಲ್ಲ. ಅವನು ತಲೆಯೆತ್ತಿದಾಗ ಅಧಿಕಾರಿ ಅವನನ್ನೇ ನೋಡುತ್ತಿದ್ದ, ಮತ್ತು ಅವನಿಗೆ ತಿಳಿದುಹೋಯಿತು ಎಂಬುದು ಅಧಿಕಾರಿಗೂ ತಿಳಿಯಿತು.

"ಇವರೇ, ನೀವು ಹೋಗಿ ಊಟ ಮಾಡ್ಕೊಂಡು ಬನ್ನಿ" ಎಂದು ಅಧಿಕಾರಿ ಬೆರಳಚ್ಚಿನ ಹೆಂಗಸಿಗೆ ಹೇಳಿದ. ಅವಳು ಹೋದ ಮೇಲೆ ದನಿ ತಗ್ಗಿಸಿದ. ಬೆದರಿಸುವ ದನಿಯಲ್ಲ, ದಣಿದ ದನಿ. "ನಿಮ್ಮ ಆ ಒಂದು ಸಾಲು, ಆ ತಾಯಿದು. ಅದನ್ನ ಸೇರಿಸೋಣ. ಹೊಸದಾಗಿ ಟೈಪ್ ಮಾಡಿಸ್ತೀನಿ. ಅವರಿಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ. ನಿಮ್ಮ ಪಿಂಚಣಿ ಕಾಗದಾನೂ ನಾಳೆ ಕಳಿಸ್ತೀನಿ, ಇಲ್ಲೇ ಇದೆ. ನೀವು ಇದೊಂದನ್ನ ಅಡಿಗೆ ಹಾಕಿ. ಅರ್ಜಿ ಸುಳ್ಳಲ್ಲ ನೋಡಿ. ನೀವೇ ಈಗ ಹೇಳಿದಿರಲ್ಲ, ಅದರಲ್ಲಿರೋದೆಲ್ಲ ನಿಜ. ಶುರುವಾಗಬೇಕಾದ್ದೇ ಇದರಿಂದ."

ಅದೇ ಮಾತು. ಒಂಬತ್ತು ವರ್ಷದ ಹಿಂದೆ ಆರಡಿ ಎತ್ತರದಿಂದ ಬಂದದ್ದು, ಇವತ್ತು ಮೇಜಿನ ಆಚೆಯಿಂದ. ಆಗಲೂ ನಿಜದ ಹೆಸರಿನಲ್ಲೇ ಕೇಳಿದ್ದರು. ಈಗಲೂ ಅವನಿಗೆ ಬೇಕಾದ್ದು ನಿಜವೇ. ಆ ತಾಯಿಯ ಒಂದು ಸಾಲು. ಕೈ ಚೀಲಕ್ಕೆ ಹೋಗಿ ದಬ್ಬಳ ಹಿಡಿಯಿತು. ಮರದ ಹಿಡಿ ಅಂಗೈಯಲ್ಲಿ ತನ್ನ ಜಾಗ ಹುಡುಕಿಕೊಂಡು ಕೂತಿತು. ಹಾಕಿಬಿಡು. ಎರಡು ನಿಮಿಷದ ಕೆಲಸ. ಅವಳು ಬೆಂಚಿನ ಮೇಲೆ ಕೂರುವುದು ತಪ್ಪುತ್ತದೆ. ಈ ಸಲ ಮುಖದಿಂದಲೇ ಚುಚ್ಚಿದರೆ ಯಾವ ಹೆಬ್ಬೆರಳಿಗೂ ಸಿಗುವುದಿಲ್ಲ. ಅವನು ಆ ಯೋಚನೆಯಲ್ಲಿ ಎಷ್ಟು ಹೊತ್ತು ಇದ್ದನೆಂದು ಆಮೇಲೆ ಅವನಿಗೆ ಹೇಳಲಾಗುತ್ತಿರಲಿಲ್ಲ. ಹೊರಗೆ ಯಾರೋ ಕುರ್ಚಿ ಎಳೆದರು. ಅಂಗಿಯನ್ನು ಹಿಡಿದಿದ್ದ ಎಡಗೈ ಯಾವಾಗಲೋ ಬಿಟ್ಟುಹೋಗಿತ್ತು. ಹೊಲಿಯಲು ಎರಡು ಕೈಯೂ ಬೇಕು.

"ಸ್ವಾಮಿ, ಇದು ಇವತ್ತು ಬಂದ ಕಾಗದ" ಎಂದ. "ಮೇಲೆ ಹಾಕ್ತೀನಿ."



ಅವನು ಮೊದಲು ಹೇಳಿಕೆಯ ಕೊನೆಯ ಹಾಳೆ ಎಳೆದುಕೊಂಡು ಸಹಿ ಹಾಕಿದ. ಸಹಿಯ ಮೇಲಿದ್ದ ಒಂದೂವರೆ ಬೆರಳಿನಷ್ಟು ಜಾಗದಲ್ಲಿ, ನಿಧಾನವಾಗಿ, ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಬರೆದ: ತಾಯಿಯ ಕಾಗದ ನಿಜ. ನಾನು ಹೊಲಿದ ಜಾಗ ಸುಳ್ಳು. ಬರೆಯುವಾಗ ನಾಲಗೆ ತುಟಿಯ ಮೂಲೆಗೆ ಬಂದಿರುವುದು ತಿಳಿದು ಒಳಗೆಳೆದುಕೊಂಡ. ಆಮೇಲೆ ನಾಲ್ಕು ಹಾಳೆಗಳನ್ನು ಕಡತದ ಮೇಲಿಟ್ಟು, ಅವುಗಳ ಮೇಲೆ ಅರ್ಜಿ ಇಟ್ಟು, ಅಂಚು ತಟ್ಟಿ ಸಮಮಾಡಿ, ಹಳೆಯ ಮೂರು ತೂತುಗಳ ಸಾಲು ಬಿಟ್ಟು, ಒಂದು ಬೆರಳು ಒಳಗೆ, ಎಲ್ಲಕ್ಕೂ ಸೇರಿಸಿ ಚುಚ್ಚಿದ. ಅರ್ಜಿಯಿಂದ ಅಡಿಯ ಆದೇಶದವರೆಗೆ. ಹೊಲಿಯುವವನ ಲೆಕ್ಕದಲ್ಲಿ ಇದು ಹೊಲಸು ಕೆಲಸ. ಕುಳ್ಳಣ್ಣ ನೋಡಿದ್ದರೆ ತಲೆಗೆ ಮೊಟಕುತ್ತಿದ್ದ. ಆದರೆ ಇನ್ನು ಯಾರಾದರೂ ದಾರ ಕತ್ತರಿಸಿ ಅರ್ಜಿಯನ್ನು ಅಡಿಗೆ ಒಯ್ದರೂ, ಹೇಳಿಕೆಯ ಹಾಳೆಯನ್ನು ಕಿತ್ತು ಬೇರೆ ಹಾಕಿದರೂ, ಉಳಿದ ಹಾಳೆಗಳಲ್ಲಿ ಆ ಮೂರು ತೂತು ಉಳಿಯುತ್ತವೆ; ಹೇಳಿಕೆಯ ಜೊತೆ ಬಂದ ಅರ್ಜಿಯಲ್ಲಿ ಮಾತ್ರ ಹಳೆಯ ಸಾಲು ಇರುವುದಿಲ್ಲ. ಕಾಗದಕ್ಕೆ ಗಾಯ ಮಾಯುವುದಿಲ್ಲ. ಇನ್ನೊಂದು ಒಂಬತ್ತು ವರ್ಷಕ್ಕೆ ಇನ್ನೊಂದು ಕೋಣೆಯಲ್ಲಿ ಇನ್ನೊಂದು ಹೆಬ್ಬೆರಳು ಬರುತ್ತದೆ.

ಗಂಟು ಹಾಕಿ ದಾರ ಕತ್ತರಿಸಿದ. ಅಧಿಕಾರಿ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡು, ಬರೆದ ಸಾಲನ್ನು ಓದಿ, ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ. ಸಿಟ್ಟು ಬರುತ್ತದೆಂದು ಇವನು ಕಾದ. ಬರಲಿಲ್ಲ. "ನಿಮ್ಮ ಪಿಂಚಣಿ ಕಾಗದ ಇಲ್ಲೇ ಇರುತ್ತೆ" ಎಂದ ಅಧಿಕಾರಿ. "ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ."

"ಇರಲಿ ಸ್ವಾಮಿ."

"ಅಂಗಿ ಗುಂಡಿ ಇಲ್ಲ ನಿಮ್ಮದು."

"ಹೌದು. ಬೆಳಿಗ್ಗೆ ಬಿತ್ತು."

ಅಧಿಕಾರಿ ಮೇಜಿನ ಖಾನೆ ಎಳೆದು ಒಂದು ಪಿನ್ನು ಕೊಟ್ಟ. ಅವನು ತೆಗೆದುಕೊಂಡು ಅಂಗಿಗೆ ಚುಚ್ಚಿಕೊಂಡ. ಬೆಂಚಿನ ಮೇಲೆ ಬೇರೆ ಯಾರೋ ಕೂತಿದ್ದರು, ಮಂಡಿಯ ಮೇಲೆ ಕೈಯಿಟ್ಟುಕೊಂಡ ಒಬ್ಬ ವಯಸ್ಸಾದವನು. ಇವನು ನಿಂತು ಆ ಮುಖವನ್ನು ಚೆನ್ನಾಗಿ ನೋಡಿದ, ಆಮೇಲೆ ಮೆಟ್ಟಿಲಿಳಿದ.

ಮನೆಗೆ ಬಂದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಹೆಂಡತಿ ಚೀಲ ತೆಗೆದುಕೊಂಡು ಡಬ್ಬಿ ಅಲ್ಲಾಡಿಸಿ, "ಉಂಡೇ ಇಲ್ಲ" ಎಂದಳು. ಅವನ ಮುಖ ನೋಡಿದಳು. "ಏನಾಯ್ತು?" ಎಂದು ಕೇಳಿದಳು.

"ಪಿಂಚಣಿ ತಡ ಆಗಬಹುದು ಕಣೇ. ನಾಳೆ ದೊಡ್ಡವರ ಮನೆಗೆ ಹೋಗಿ ಹೇಳಿ ಬರಬೇಕು. ಅವರಿಗೆ ಬೇರೆಯವರಿಂದ ತಿಳೀಬಾರದು."

ಅವಳು ಒಳಗೆ ಹೋಗಿ ಸೂಜಿ ದಾರ ತಂದಳು. "ಅಂಗಿ ಬಿಚ್ಚಿಕೊಡಿ" ಎಂದಳು. ಈ ಸಲ ಅವನು ಬಿಚ್ಚಿಕೊಟ್ಟ.